ಹತ್ತನೇ ಮನೆ

ಹಲಗೂರಿನ ಅಜ್ಜಿಯರಿಗೆ ನೆನಪಿನ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ, ಅವರ ಮರೆವೇ ದೊಡ್ಡ ಕಷ್ಟ ಅಂದುಕೊಂಡಿದ್ದೆ. ಅದಲ್ಲ, ಅವರನ್ನು ಕೊನೆವರೆಗೂ ಹಿಡಿದಿಡುವುದೇ ಕಷ್ಟ. ಒಬ್ಬರು ಮೊಮ್ಮಕ್ಕಳನ್ನು ಬಿಟ್ಟು ಬರುತ್ತಿರಲಿಲ್ಲ, ಇನ್ನೊಬ್ಬರು ಬೀಗರ ಮನೆಗೆ ಹೋಗಿ ಎರಡು ವಾರ ನಾಪತ್ತೆ. ಮೂವತ್ತು ಜನರಲ್ಲಿ ಉಳಿದವರು ಇಪ್ಪತ್ತು. ಇನ್ನೊಬ್ಬರು ಕಮ್ಮಿಯಾದರೂ ಆರು ತಿಂಗಳ ಅಧ್ಯಯನವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಇದರ ಹೊಣೆ ಹೊತ್ತಿದ್ದ ಶಶಿಧರ್ ಸರ್ ಮಂಡ್ಯದಿಂದ ದಿನಾ ಫೋನು ಮಾಡಿ ಎಚ್ಚರಿಸುತ್ತಿದ್ದರು.

ಚೀಟಿ ಎತ್ತಿ ಎರಡು ಗುಂಪು ಮಾಡಿದ್ದೆವು. ಒಂದಕ್ಕೆ ಪಾಠ, ಇನ್ನೊಂದಕ್ಕೆ ಬರೀ ಟೀ, ಮಾತುಕತೆ. ಕೊನೆಗೆ ಎರಡನ್ನೂ ಹೋಲಿಸಬೇಕು, ಆದ್ದರಿಂದ ಪಾಠ ಆಚೆ ಹೋಗಬಾರದು. ಚಿಕ್ಕಬೋರಮ್ಮ ಪಾಠಕ್ಕೆ ಬಿದ್ದರು, ಅವರ ಗೆಳತಿ ಬಿಬಿ ಜಾನ್ ಟೀಗೆ. ಒಂದೇ ಬೀದಿಯಲ್ಲಿ ಒಂಬತ್ತನೇ ಮನೆ ಬಿಬಿ ಜಾನ್‌ದು, ಹತ್ತನೆಯದು ಚಿಕ್ಕಬೋರಮ್ಮನದು.

ಪಾಠ ಸುಲಭ. ಕೇಳಿದ ಪದಗಳನ್ನು ನಿಮ್ಮ ಬೀದಿಯ ಮನೆಗಳಲ್ಲಿ ಒಂದೊಂದಾಗಿ ಇಡಿ, ಆಮೇಲೆ ಮನಸ್ಸಿನಲ್ಲೇ ನಡೆದು ಎತ್ತಿಕೊಂಡು ಬನ್ನಿ. ಯಾರಿಗೂ ಹೇಳುವುದಿಲ್ಲ ಎಂದು ಚಿಕ್ಕಬೋರಮ್ಮನಿಂದ ಆಣೆ ಮಾಡಿಸಿಕೊಂಡಿದ್ದೆ. ಮಾಡಿದ ಸಾರನ್ನು ಗೋಡೆಯಾಚೆ ದಾಟಿಸದೆ ಒಂದು ದಿನವೂ ಉಂಡವರಲ್ಲ ಅವರು. ನಂಬಿದ್ದು ನನ್ನ ದಡ್ಡತನ.

ಕೊನೆಯ ಪರೀಕ್ಷೆಗೆ ಹತ್ತು ಹೊಸ ಪದ ಓದಿದೆ. ಮೊದಲ ಸಲ ಮೂರು ಹೇಳುವಷ್ಟರಲ್ಲಿ ಅಳು ಬಂದಿದ್ದ ಬಿಬಿ ಜಾನ್ ಈ ಸಲ ಕಣ್ಣು ಮುಚ್ಚಿ, ಬೆರಳು ಮಡಚುತ್ತ, ಸಾಲಾಗಿ ಒಂಬತ್ತು ಹೇಳಿದರು. ಹತ್ತನೆಯದು ಲಾಟೀನು. ಅವರು ಬಹಳ ಹೊತ್ತು ಯೋಚಿಸಿ, ನಕ್ಕು, "ಚಿಕ್ಕಬೋರಮ್ಮ" ಅಂದರು.

ಹತ್ತನೇ ಮನೆ. ಪಾಠ ಗೋಡೆ ದಾಟಿತ್ತು. ಹೊರಗೆ ಜಗಲಿಯ ಮೇಲೆ ಗೆಳತಿಗಾಗಿ ಕಾದು ಕೂತಿದ್ದ ಚಿಕ್ಕಬೋರಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಆಣೆ ಮುರಿದಿರಿ, ಈಗ ಬಿಬಿ ಜಾನ್ ಹೆಸರು ಹೊಡೆದುಹಾಕಬೇಕು, ಅಧ್ಯಯನದ ಜೊತೆ ನನ್ನ ಕೆಲಸವೂ ಹೋಗುತ್ತದೆ ಎಂದೆ. ಅವರು ಎಲೆಯಡಿಕೆ ಅಗಿಯುತ್ತ ಎಲ್ಲ ಕೇಳಿಸಿಕೊಂಡರು.

"ಒಡ್ದಾಕು ಅರ್ಪಿತಮ್ಮ. ಅವ್ಳೇ ನನ್ನ ಮರ್ತ್‌ಬುಟ್ರೆ, ನಾನೊಬ್ಳೇ ಗ್ಯಾಪಕ ಮಡಿಕಂಡು ಏನ್ ಮಾಡ್ಲವ್ವ?"

ಸರ್‌ಗೆ ಫೋನು ಮಾಡಿ, ಹತ್ತೊಂಬತ್ತು ಅಂದೆ. ಅವರು ಬೈದು ಮುಗಿಸುವವರೆಗೂ ಗೆಳತಿಯರಿಬ್ಬರೂ ಬಾಗಿಲಲ್ಲೇ ನಿಂತಿದ್ದರು. ಫೋನು ಇಟ್ಟ ಮೇಲೆ ಬಿಬಿ ಜಾನ್ ಹತ್ತಿರ ಬಂದು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು.

"ಲಾಟೀನು ಬೇಟಿ. ಅಲ್ಲೇ ಇತ್ತು. ಇವ್ಳು ಅಡ್ಡ ನಿಂತಿದ್ಲು, ಕಾಣ್ಲಿಲ್ಲ."