ಅಂಚಿನಲ್ಲೊಂದು ರವೆಕಾಳು

ಎಡದ ಅಂಚು ಒಂದೆಳೆ ತಿಳಿಯಾಗಿದೆ, ಮಿಕ್ಕ ಮೂರು ಚಹಾದ ಬಣ್ಣ, ಸತ್ಯಮೂರ್ತಿ ಕನ್ನಡಕವನ್ನು ಹಣೆಗೇರಿಸಿ ಕಾರ್ಡನ್ನು ಹೋಟೆಲಿನ ಕಿಟಕಿಯ ಬೆಳಕಿಗೆ ಹಿಡಿದ, ಗ್ರಾಂಟ್ ರೋಡಿನ ಬಸ್ಸುಗಳು ಕಿರುಚಲಿ, ಇಡ್ಲಿ ಆರಲಿ, ಮುಲುಂಡಿನಿಂದ ಲೋಕಲ್ ಹಿಡಿದು ಬಂದ ನಂಜುಂಡ ಕಾಯಲಿ — ಎರಡನೇ ಮಹಾಯುದ್ಧಕ್ಕೂ ಮುಂಚೆ ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ ಕ್ರಿಕೆಟ್ ಕಾರ್ಡು, ಪಟ್ಟೆ ಟೋಪಿಯ ಬ್ಯಾಟುಗಾರ, ಭಾರತ ಮೊದಲ ಸಲ ವರ್ಲ್ಡ್ ಕಪ್ ಗೆದ್ದಂದಿನಿಂದ ಗೆಳೆಯರಿಗೆಲ್ಲ ಇವುಗಳದೇ ಹುಚ್ಚು, ಸತ್ಯಮೂರ್ತಿಯ ಆಲ್ಬಮ್ಮಿನಲ್ಲಿ ಇದೊಂದರ ಜಾಗವೇ ಖಾಲಿ, ಬದಲಿಗೆ ನಂಜುಂಡ ಕೇಳುತ್ತಿರುವುದು ಅದೇ ಆಲ್ಬಮ್ಮಿನ ಪ್ರಾಣದಂಥ ವಿಕೆಟ್ ಕೀಪರನ್ನು, ಏನೋ ಮೂರ್ತಿ ಅಷ್ಟೊಂದು ನೋಡ್ತೀಯಾ, ಮೈಸೂರಿಗೆ ಮದುವೆಗೆ ಹೋದಾಗ ಹಳೇ ಸಾಮಾನಿನ ಅಂಗಡೀಲಿ ಸಿಕ್ಕಿದ್ದು, ಅಸಲಿ ಮಾಲು, ಅಸಲಿಯೇ, ಅನುಮಾನವಿಲ್ಲ, ಆದರೆ ಸವೆದ ಮೂಲೆ ಮುಚ್ಚಲು ಕತ್ತರಿಯಿಂದ ಅಂಚು ಸವರುವ ಖದೀಮರನ್ನು ಅವನೆಷ್ಟು ಕಂಡಿಲ್ಲ, ಕಾಂದಿವಲಿಯ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕಟಿಂಗ್ ಮೆಷಿನ್ ನೋಡಿಕೊಂಡವನಿಗೆ ಅಲಗು ತಾಕಿದ ಅಂಚು ಬೆರಳಿಗೇ ಗೊತ್ತಾಗುತ್ತದೆ, ಕಳೆದ ಭಾನುವಾರವಷ್ಟೇ ಗೆಳೆಯ ರಮಾನಾಥನ ಕಾರ್ಡನ್ನು ಇನ್ನೊಂದರ ಮೇಲಿಟ್ಟು ನೂಲಿನಷ್ಟು ಗಿಡ್ಡ ಎಂದು ಎಲ್ಲರೆದುರು ಮಾನ ತೆಗೆದಿದ್ದ, ಕತ್ತರಿ ಕಂಡ ಕಾರ್ಡು ನನ್ನ ಆಲ್ಬಮ್ಮಿಗೆ ಬರೋಲ್ಲ ಅನ್ನುವ ಜಂಬ ಬೇರೆ — ಈಗ ಇದೂ ಗಿಡ್ಡವೇ, ಹೇಳಿಬಿಟ್ಟರೆ ವಿಕೆಟ್ ಕೀಪರ್ ಉಳಿಯುತ್ತಾನೆ, ಬಾಯಿ ತೆರೆಯುವ ಮೊದಲು ಅಭ್ಯಾಸಬಲದಿಂದ ಉಗುರನ್ನು ಅಂಚಿನುದ್ದಕ್ಕೂ ಎಳೆದ, ನುಣುಪು, ನುಣುಪು, ಟಕ್ಕನೆ ತಡೆಯಿತು, ರವೆಕಾಳಿನಷ್ಟು ಉಬ್ಬು, ಇದು ಯಾವ ಮೆಷಿನ್ನಿನದೂ ಅಲ್ಲ, ಅಲಗು ಎಲ್ಲೋ ಮುಕ್ಕಾಗಿರಬೇಕು — ಮುಕ್ಕು, ಅಜ್ಜಿ ಪುಟ್ಟಲಕ್ಷ್ಮಿಯ ಅಡಕತ್ತರಿ, ಅದು ಕತ್ತರಿಸಿದ ಪ್ರತಿ ಅಡಿಕೆ ಹೋಳಿನಲ್ಲೂ ಇಂಥದೇ ಒಂದು ಉಬ್ಬು, ಮೈಸೂರಿನ ಮನೆಯ ಜಗುಲಿಯಲ್ಲಿ ಹತ್ತು ವರ್ಷದ ಮೂರ್ತಿ ಕಂಪಾಸು ಡಬ್ಬಿಯೊಳಗೆ ಹಿಡಿಸದ ಬ್ಯಾಟುಗಾರನನ್ನು ಅಡಕತ್ತರಿಗೆ ಒಡ್ಡುತ್ತಾನೆ, ಲೋ ಮುಂಡೇದೇ, ಅಲಗು ಮೊಂಡಾಗುತ್ತೆ ಕಣೋ, ಅಜ್ಜಿಯ ಬೆರಳಿನ ಸುಣ್ಣ ಅವನ ಕಿವಿಗೆ ಮೆತ್ತಿಕೊಳ್ಳುತ್ತದೆ, ಮರುವಾರವೇ ಗೋಲಿಯಾಟದಲ್ಲಿ ಪಕ್ಕದ ಮನೆಯ ನಾಣಿಗೆ ಆ ಕಾರ್ಡನ್ನು ಸೋತು ಎರಡು ದಿನ ಊಟ ಬಿಟ್ಟು ಅತ್ತಿದ್ದ — ಖದೀಮ ಸಿಕ್ಕಿಬಿದ್ದ, ಸತ್ಯಮೂರ್ತಿಗೆ ನಗು ತಡೆಯಲಾಗಲಿಲ್ಲ, ಯಾಕೋ ನಗ್ತೀಯಾ, ಸವರಿದ್ದಾ, ನಿಜ ಹೇಳಿಬಿಡು, ಸವರಿದ್ದೇ ಕಣೋ ನಂಜುಂಡ, ಸವರಿದೋನು ನಾನೇ, ತಗೋ ನಿನ್ನ ವಿಕೆಟ್ ಕೀಪರ್, ನಂಜುಂಡ ವಿಕೆಟ್ ಕೀಪರನ್ನು ಎರಡು ಸಲ ತಿರುವಿ ನೋಡಿ ಜೇಬಿಗಿಳಿಸಿದ, ಬರುವ ಭಾನುವಾರ ರಮಾನಾಥ ಸುಮ್ಮನೆ ಬಿಟ್ಟಾನೆಯೇ, ಬಿಡದಿರಲಿ, ಎಷ್ಟು ಖುಷಿಯಾಗಿದೆ ಇವತ್ತು, ಇಡ್ಲಿ ಆರಿಹೋಗಿದೆ, ಆರಲಿ, ಉಗುರು ಮತ್ತೆ ಅಂಚಿನುದ್ದಕ್ಕೂ ಜಾರುತ್ತದೆ, ನುಣುಪು, ನುಣುಪು, ರವೆಕಾಳು.