ರಟ್ಟಿನೊಳಗಿನ ಅರ್ಜಿ

೧

ಹೇಗೆ ಶುರು ಮಾಡಲಿ?

ಹಡಗಿನಿಂದ ಶುರು ಮಾಡಬಹುದು. ಪರದೇಶದ ದೊರೆಗಳು ನಮ್ಮನ್ನು ಆಳಿದ ಕಾಲದ ಬಗ್ಗೆ ಬರೆಯುವ ನಮಗೆಲ್ಲ ಹಡಗು ಎಂದರೆ ಪಂಚಪ್ರಾಣ. ದೂರದಲ್ಲಿ ಬಿಳಿ ಹಾಯಿ, ದಡದಲ್ಲಿ ಏನೂ ಅರಿಯದ ಜನ, ಮೇಲೊಂದು ಕೆಂಪು ಸೂರ್ಯ. ನನ್ನ ಕಾದಂಬರಿಯೂ ಹಾಗೇ ಶುರುವಾಗುತ್ತದೆ. ಇವತ್ತು ಸಂಜೆ ಐದಕ್ಕೆ ಅದು ಪ್ರೆಸ್ಸಿಗೆ ಹೋಗಬೇಕು. ಅದರ ಕೊನೆಯ ಪ್ರೂಫ್ ನನ್ನ ಮುಂದಿದೆ. ಆ ಹಾಳೆಗಳ ಖಾಲಿ ಬೆನ್ನಿನ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ, ದಾಖಲೆ ಕಚೇರಿಯ ರಿಪೇರಿ ಕೋಣೆಯಲ್ಲಿ, ನನ್ನ ಸೋದರಮಾವನ ಕೆಲಸದ ಮೇಜಿನ ಒಂದು ಮೂಲೆಯಲ್ಲಿ ಕೂತು.

(ಎಡಿಟರ್ ಮೇಡಂ, ಕ್ಷಮಿಸಿ. ಹದಿನಾಲ್ಕನೇ ಅಧ್ಯಾಯ ಸುಳ್ಳು. ನಿಮಗೆ ಫೋನ್ ಮಾಡಿ ಹೇಳುವ ಧೈರ್ಯವಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.)

೨

ಹದಿನಾಲ್ಕನೇ ಅಧ್ಯಾಯದಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ. ಪುಸ್ತಕ ಕೊಂಡು ಓದಿ ಎಂದು ಇವತ್ತು ಯಾವ ಮುಖ ಹೊತ್ತು ಹೇಳಲಿ?

ನನ್ನ ಅಮ್ಮನ ಅಪ್ಪ ದೊರೆಗಳ ಕಾಲದಲ್ಲಿ ಇದೇ ಕಚೇರಿಯಲ್ಲಿ ಪುಸ್ತಕ ಕಟ್ಟುವ ಬೈಂಡರ್ ಆಗಿದ್ದ. ಜನ ದೊರೆಗಳಿಗೆ ಬರೆದುಕೊಂಡ ಅರ್ಜಿಗಳಲ್ಲಿ, ಉತ್ತರ ಕೊಡಲು ಯಾರಿಗೂ ಮನಸ್ಸಿಲ್ಲದವು ರದ್ದಿಯಾಗಿ ಅವನ ಮೇಜಿಗೆ ಬರುತ್ತಿದ್ದವು. ಇಷ್ಟು ನಿಜ. ನನ್ನ ಕಾದಂಬರಿಯಲ್ಲಿ ಅಜ್ಜ ಊಟದ ಬಿಡುವಿನಲ್ಲಿ ಕನ್ನಡಕ ಹಾಕಿಕೊಂಡು ಅವನ್ನೆಲ್ಲ ಓದುತ್ತಾನೆ. ಹಲ್ಲು ಕಚ್ಚುತ್ತಾನೆ. ಅವು ನಾಶವಾಗಬಾರದೆಂದು ರಿಜಿಸ್ಟರುಗಳ ರಟ್ಟಿನೊಳಗೆ ಬಚ್ಚಿಟ್ಟು ನಮ್ಮಂಥವರಿಗಾಗಿ ಉಳಿಸುತ್ತಾನೆ. ಬೆನ್ನುಪುಟದಲ್ಲಿ ‘ಕತ್ತಿ ಹಿಡಿಯದ ಕ್ರಾಂತಿಕಾರಿ’ ಎಂದು ಅಚ್ಚಾಗಿದೆ. (ಆ ಹೊಗಳಿಕೆ ನಾನೇ ಬರೆದದ್ದು. ಪ್ರಕಾಶಕರ ಮಾತು ಎಂದು ಹಾಕಿಸಿದೆ. ಎಲ್ಲರೂ ಹಾಗೇ ಮಾಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.)

ಅಮ್ಮನ ಕಣ್ಣು ಮಂಜಾಗಿದೆ, ಅವಳಿಗೆ ನಾನೇ ಓದಿ ಹೇಳಬೇಕು. ಈ ಅಧ್ಯಾಯವನ್ನು ನಾಲ್ಕು ಸಲ ಓದಿಸಿಕೊಂಡಳು. "ನಮ್ಮಪ್ಪ ಕೂತ್ಕೊಂಡು ಓದ್ತಾನಲ್ಲ, ಆ ಜಾಗ ಇನ್ನೊಂದ್ಸಲ ಓದೇ" ಅಂದಳು. ನನ್ನ ಗದ್ಯ ಅಷ್ಟು ಚೆನ್ನಾಗಿದೆ ಅಂದುಕೊಂಡು ಉಬ್ಬಿಹೋಗಿದ್ದೆ.

೩

ಬೆಳಿಗ್ಗೆ ಮಾವ ಫೋನ್ ಮಾಡಿದ. ಅಪ್ಪನ ಕಸುಬು ಅವನಿಗೂ ಬಂದಿದೆ, ಹಾಳಾದ ಹಳೆಯ ರಿಜಿಸ್ಟರುಗಳನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಾನೆ.

"ಒಂದು ರಿಜಿಸ್ಟರ್ ಬಿಚ್ಚಿದೀನಿ. ಬಾ."

"ಪ್ರೂಫ್ ಇದೆ ಮಾವ. ನಾಳೆ ಬರ್ಲಾ?"

"ನಾಳೆ ಹಳೇ ರಟ್ಟು ಬುಟ್ಟಿಗೆ ಹೋಗಿರುತ್ತೆ. ಪ್ರೂಫ್ ತಗೊಂಡೇ ಬಾ, ಬೇಕಾಗುತ್ತೆ."

ಆ ಕಾಲದಲ್ಲಿ ರದ್ದಿ ಕಾಗದವನ್ನು ಪದರದ ಮೇಲೆ ಪದರ ಅಂಟಿಸಿ, ಒತ್ತಿ, ಒಣಗಿಸಿ ರಟ್ಟು ಮಾಡುತ್ತಿದ್ದರಂತೆ. ಮಾವ ಮುಂದಿನ ರಟ್ಟಿನ ಪದರಗಳನ್ನು ಒದ್ದೆ ಮಾಡಿ ಬಿಡಿಸಿ, ಮೇಜಿನ ಮೇಲೆ ಸಾಲಾಗಿ ಹರಡಿದ್ದ. ಎಲ್ಲವೂ ನಮ್ಮ ಭಾಷೆಯ ಅರ್ಜಿಗಳು. ಎಲ್ಲವೂ ಒಂದೇ ಅಗಲಕ್ಕೆ ಕತ್ತರಿಸಿದ ಪಟ್ಟಿಗಳು. ಕತ್ತಿ ಹೆಸರುಗಳ ನಡುವೆ ಹೋಗಿತ್ತು, ಊರುಗಳ ನಡುವೆ ಹೋಗಿತ್ತು, ‘ದಯವಿಟ್ಟು’ ಎಂಬುದರ ನಡುವೆಯೂ ಹೋಗಿತ್ತು.

"ಬಚ್ಚಿಡೋನು ಹೀಗೆ ಕತ್ತರಿಸ್ತಾನಾ?" ಮಾವ ಕೇಳಿದ.

ನಾನು ಒಂದು ಪಟ್ಟಿ ಎತ್ತಿ ನೋಡಿದೆ.

"ಅಪ್ಪ ಎಲ್ಲಾನೂ ಓದಿ ಉಳಿಸಿದ ಅಂತ ಬರ್ದಿದೀಯಂತೆ. ಅಕ್ಕ ಹೇಳಿದ್ಲು. ಅಪ್ಪಂಗೆ ಓದೋಕೆ ಬರ್ತಿರ್ಲಿಲ್ಲ ಕಣೇ."

"ಏನಂದೆ?"

"ಒಂದಕ್ಷರ ಬರ್ತಿರ್ಲಿಲ್ಲ. ಹಾಳೆ ಮೂಲೇಲಿ ನಂಬರ್ ಇರುತ್ತಲ್ಲ, ಅದರ ಆಕಾರ ನೋಡಿ ಜೋಡಿಸ್ತಿದ್ದ."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಪುಸ್ತಕಗಳ ನಡುವೆ ಬದುಕಿದವನಿಗೆ ಓದು ಬರದಿರಬಹುದು ಎಂಬ ಯೋಚನೆಯೇ ನನ್ನ ತಲೆಗೆ ಹೊಳೆದಿರಲಿಲ್ಲ. ಅಕ್ಷರ ಬಾರದವನಿಗೆ ಒಳಗೇನೂ ಇರುವುದಿಲ್ಲ ಎಂದು ದೊರೆಗಳು ನಂಬಿದ್ದರು. ಮುನ್ನೂರು ಪುಟ ಅವರನ್ನು ಬೈದ ನಾನು, ಅಜ್ಜನನ್ನು ದೊಡ್ಡವನನ್ನಾಗಿ ಮಾಡಬೇಕೆಂದಾಗ ಮೊದಲು ಮಾಡಿದ ಕೆಲಸ ಅವನ ಮೂಗಿನ ಮೇಲೆ ಕನ್ನಡಕ ಇಟ್ಟದ್ದು.

೫

(ನಾಲ್ಕನ್ನು ಹರಿದು ಹಾಕಿದೆ. ಅದರಲ್ಲಿ ನಾನು ಅತ್ತಿದ್ದೆ. ಉಪಮೆಗಳ ಸಮೇತ ಬಹಳ ಚೆನ್ನಾಗಿ ಅತ್ತಿದ್ದೆ.)

ಪ್ರೂಫ್ ತೆರೆದು ಅಜ್ಜನ ಕನ್ನಡಕ ಕಿತ್ತುಹಾಕಲು ಹೊರಟೆ. ಪುಟದೊಳಗಿಂದ ಅವನೇ ತಲೆ ಎತ್ತಿದ.

"ಇದನ್ನ ತೆಗೀತೀಯ ಸರಿ. ಆಮೇಲೆ ನನ್ನ ಕೈಗೆ ಏನು ಕೊಡ್ತೀಯಾ?"

"ನಿನ್ನ ಕೆಲಸ ಕೊಡ್ತೀನಿ ಅಜ್ಜ."

"ನನ್ನ ಕೆಲಸ ಏನು ಅಂತ ಗೊತ್ತಾ ನಿಂಗೆ? ಸೂಜಿಗೆ ದಾರ ಎಷ್ಟುದ್ದ ಹಾಕ್ಬೇಕು, ಹೇಳು ನೋಡೋಣ."

ಗೊತ್ತಿರಲಿಲ್ಲ. ಬೈಂಡರ್ ಒಬ್ಬನ ಬಗ್ಗೆ ಇಡೀ ಕಾದಂಬರಿ ಬರೆದಿದ್ದೇನೆ, ಅದರಲ್ಲಿ ಒಂದೇ ಒಂದು ಪುಸ್ತಕವನ್ನೂ ಯಾರೂ ಹೊಲಿಯುವುದಿಲ್ಲ.

"ಹೋಗ್ಲಿ, ನಿಮ್ಮಜ್ಜಿ ಎಲ್ಲಿ?"

"ಬಾಗಿಲಲ್ಲಿ ನಿಂತಿದಾಳೆ."

"ಎಷ್ಟನೇ ಪುಟದಿಂದ?"

ಪುಟ ಮಗುಚಿದೆ. ನನ್ನ ಕಾದಂಬರಿಯ ದೊರೆ ಬಹಳ ಸೂಕ್ಷ್ಮ ಮನುಷ್ಯ. ಪಶ್ಚಾತ್ತಾಪದಲ್ಲಿ ಬೇಯುತ್ತಾ ಕಿಟಕಿಯ ಬಳಿ ಆರು ಪುಟ ಒಬ್ಬನೇ ಮಾತಾಡುತ್ತಾನೆ. ಅಜ್ಜಿಗೆ ಸಿಕ್ಕಿರುವುದು ಒಂದು ವಾಕ್ಯ: ‘ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.’ ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಗಾಬರಿಯಾಯಿತು. ಇದನ್ನು ಯಾರೂ ನನ್ನ ಕೈಹಿಡಿದು ಬರೆಸಿರಲಿಲ್ಲ.

೬

ಅಜ್ಜಿ ಬಾಗಿಲಲ್ಲಿ ಯಾಕೆ ನಿಂತಿರುತ್ತಿದ್ದಳು ಎಂಬುದು ಮನೆಯವರಿಗೆಲ್ಲ ಗೊತ್ತು. ಅವಳ ತಮ್ಮನನ್ನು ದೂರದ ತೋಟಗಳ ಕೆಲಸಕ್ಕೆಂದು ಹಡಗು ಹತ್ತಿಸಿಕೊಂಡು ಹೋದರು. ಅವನ ಸುದ್ದಿಯೇ ಬರಲಿಲ್ಲ. ಅಮ್ಮ ಕೈಗೂಸಾಗಿದ್ದಾಗ ಅಜ್ಜಿ ಒಂದು ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ, ಗಂಡನ ಕೈಗೆ ಕೊಟ್ಟಳು. ಅಜ್ಜ ಅದನ್ನು ಕಚೇರಿಯ ಮುಂದಿನ ಕಿಟಕಿಯಲ್ಲಿ ಕೊಟ್ಟು, ಹಿಂದಿನ ಬಾಗಿಲಿಂದ ಕೆಲಸಕ್ಕೆ ಹೋದ. ಅವತ್ತಿನಿಂದ ಅಜ್ಜಿ ದಿನಾ ಸಂಜೆ ಕೇಳುತ್ತಿದ್ದಳು, "ಉತ್ತರ ಬಂತಾ?" ಅಜ್ಜ ಹೇಳುತ್ತಿದ್ದ, "ಇನ್ನೂ ಇಲ್ಲ." ಅವಳು ಸಾಯುವವರೆಗೂ ಇದೇ ಪ್ರಶ್ನೆ, ಇದೇ ಉತ್ತರ. ಅಮ್ಮ ಇವತ್ತಿಗೂ ಪೋಸ್ಟ್‌ಮ್ಯಾನ್ ಬಂದರೆ ಕೂರಿಸಿ ನೀರು ಕೊಡುತ್ತಾಳೆ. ಕೊರಿಯರ್‌ನವರಿಗೂ ತಪ್ಪಿದ್ದಲ್ಲ.

ಮಾವ ಹಿಂದಿನ ರಟ್ಟನ್ನು ತಿರುಗಿಸಿ ನನ್ನ ಮುಂದಿಟ್ಟ. ಅದನ್ನಿನ್ನೂ ಒದ್ದೆ ಮಾಡಿರಲಿಲ್ಲ. ಮೇಲಿನ ಪದರದಲ್ಲಿ ಒಂದು ಪಟ್ಟಿ ಮಾತ್ರ ನೇರವಾಗಿರಲಿಲ್ಲ. ಕತ್ತಿ ನೆಟ್ಟಗೆ ಬಂದು, ಒಂದು ಹೆಬ್ಬೆಟ್ಟಿನ ಗುರುತಿನ ಹತ್ತಿರ ಪಕ್ಕಕ್ಕೆ ಸರಿದು, ಅದನ್ನು ಸುತ್ತುಹಾಕಿ, ಮತ್ತೆ ನೆಟ್ಟಗೆ ಹೋಗಿತ್ತು. ಮಸಿಯ ಆ ಹೆಬ್ಬೆಟ್ಟಿನ ಮೇಲೆ ಅಡ್ಡಲಾಗಿ ಒಂದು ಬಿಳಿ ಗೆರೆ.

"ನಿಮ್ಮಜ್ಜಿ ಹೆಬ್ಬೆರಳು," ಮಾವ ಅಂದ. "ಮನೇಲಿ ಅಪ್ಪಂಗೆ ಹಾಳೆ ಮಡಚಿ ಕೊಡೋಳು. ಒಂದಿನ ಅಪ್ಪನ ಕತ್ತಿ ಜಾರಿ ಬಿತ್ತು. ಆ ಗಾಯದ ಗುರುತು ಹೋಗ್ಲೇ ಇಲ್ಲ."

ಹೆಬ್ಬೆಟ್ಟಿನ ಪಕ್ಕದಲ್ಲಿ ತಾರೀಖಿತ್ತು. ಅದರ ಮೇಲ್ಗಡೆ ಇದ್ದ ಸಾಲುಗಳನ್ನು ಓದಿದೆ. ‘...ನನ್ನ ತಮ್ಮ. ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಎಡಗಿವಿ ಹರಿದಿದೆ, ಅದರಿಂದ ಗುರುತು ಹಿಡಿಯಬಹುದು. ಅವನನ್ನು ವಾಪಸ್ ಕಳಿಸಿ ಎಂದು ಕೇಳುವುದಿಲ್ಲ. ಬದುಕಿದ್ದಾನೋ ಇಲ್ಲವೋ ಅಷ್ಟು ತಿಳಿಸಿದರೆ ಸಾಕು.’

"ಉಕ್ಕಿನ ಅಡಿಪಟ್ಟಿ ಅದುಮಿಟ್ಟು ಕತ್ತಿ ಎಳೆಯೋದು ಕಣೇ," ಮಾವ ಹೇಳಿದ. "ತಾನಾಗೇ ನೇರ ಬರುತ್ತೆ. ಹೀಗೆ ತಿರುಗಿಸ್ಬೇಕು ಅಂದ್ರೆ ಅಡಿಪಟ್ಟಿ ಪಕ್ಕಕ್ಕಿಟ್ಟು, ಬರಿಗೈಯಲ್ಲಿ, ನಿಧಾನಕ್ಕೆ ಮಾಡ್ಬೇಕು."

ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಇದೊಂದನ್ನು ಅವನು ಓದಿದ್ದ. ಹೆಂಡತಿಯ ಅರ್ಜಿ ರದ್ದಿಯಾಗಿ ತನ್ನ ಮೇಜಿಗೇ ಬಂದಿದೆ, ಇದಕ್ಕೆ ಉತ್ತರ ಬರುವುದಿಲ್ಲ ಎಂದು ಅವತ್ತೇ ಅವನಿಗೆ ತಿಳಿಯಿತು. ಕತ್ತರಿಸಿದ, ಅಂಟಿಸಿದ, ಮನೆಗೆ ಹೋದ. ಬಾಗಿಲಲ್ಲಿ ಅವಳು ನಿಂತಿದ್ದಳು.

"ಯಾಕೆ ಹೇಳ್ಲಿಲ್ಲ ಮಾವ ಅವನು?"

"ನಂಗೇನ್ ಗೊತ್ತು? ನೀನು ರೈಟರ್."

೭

ರೈಟರ್ ಯೋಚಿಸಿದಳು. ಕೆಲಸ ಹೋಗುತ್ತದೆಂಬ ಹೆದರಿಕೆ ಎಂದು ಬರೆದಳು, ಗೀಟು ಹೊಡೆದಳು. ಪ್ರೀತಿ ಎಂದು ಬರೆದಳು, ಹೊಡೆದಳು. ಹೇಡಿತನ ಎಂದು ಬರೆದಳು. ಅಷ್ಟರಲ್ಲಿ ಅಮ್ಮನ ಫೋನ್ ಬಂತು, ಸ್ಪೀಕರ್‌ಗೆ ಹಾಕಿ ಮೇಜಿನ ಮೇಲಿಟ್ಟೆ.

"ಮಾವ ಯಾಕೆ ಕರೆದ್ನೇ?"

ಸುಳ್ಳು ಹೇಳಲು ಆಗಲಿಲ್ಲ. ಎಲ್ಲ ಹೇಳಿದೆ, ಕತ್ತಿ ತಿರುಗಿದ್ದನ್ನೂ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಕೇಳಿದ್ದು ಒಂದೇ ಮಾತು.

"ಆ ರಿಜಿಸ್ಟರ್ ಯಾವುದೇ?"

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ಬೆಳಿಗ್ಗೆಯಿಂದ ರಟ್ಟನ್ನೇ ನೋಡುತ್ತಿದ್ದೆವು, ಒಳಗಿನ ಹಾಳೆಗಳನ್ನು ನೋಡಿರಲಿಲ್ಲ. ಅದು ದೊರೆಗಳ ಭಾಷೆಯಲ್ಲಿತ್ತು, ಮಾವನಿಗೆ ಅದು ಬಾರದು. ನನಗೆ ಚೆನ್ನಾಗಿ ಬರುತ್ತದೆ. ಅದರಲ್ಲಿ ಪಾಸಾಗಿ, ಅದರಲ್ಲಿ ಕೆಲಸ ಹಿಡಿದು, ಸಿಟ್ಟು ಬಂದಾಗಲೂ ಅದರಲ್ಲೇ ಬೈಯುವವಳು ನಾನು. ಮೊದಲ ಹಾಳೆ ಓದಿದೆ. ತೋಟದ ಕೆಲಸಕ್ಕೆ ಹಡಗಿನಲ್ಲಿ ಕಳಿಸಿದವರ ಪಟ್ಟಿ. ಹೆಸರು, ವಯಸ್ಸು, ಮೈಮೇಲಿನ ಗುರುತು, ಷರಾ.

(ಎಡಿಟರ್ ಮೇಡಂ, ನೀವಿಲ್ಲಿ ಕೆಂಪು ಇಂಕಿನಲ್ಲಿ ‘ತೀರಾ ಕಾಕತಾಳೀಯ’ ಎಂದು ಬರೆಯುತ್ತೀರಿ. ಸ್ವಲ್ಪ ಯೋಚಿಸಿ. ಹಡಗಿನ ವಿಭಾಗಕ್ಕೆ ಬಂದ ಅರ್ಜಿ ಹಡಗಿನ ವಿಭಾಗದ ರದ್ದಿಗೇ ಬೀಳುತ್ತದೆ. ಆ ರದ್ದಿಯಿಂದ ಅದೇ ವಿಭಾಗದ ರಿಜಿಸ್ಟರಿಗೇ ರಟ್ಟು ಮಾಡುತ್ತಾರೆ. ಇದರಲ್ಲಿ ಕಾಕತಾಳೀಯ ಏನೂ ಇಲ್ಲ, ಕಚೇರಿ ಅಂದರೆ ಇದೇ.)

"ನಮ್ಮಮ್ಮನ ತಮ್ಮ ಇದಾನಾ ನೋಡು," ಅಮ್ಮ ಅಂದಳು. "ನಾನು ಫೋನ್ ಇಡಲ್ಲ."

೮

ಇದ್ದಾನೆ.

ಅವನ ಹೆಸರು. ವಯಸ್ಸು ಹತ್ತೊಂಬತ್ತು. ಗುರುತು: ಹರಿದ ಎಡಗಿವಿ. ಷರಾ: ಹತ್ತೊಂಬತ್ತನೇ ದಿನ ಸಮುದ್ರದಲ್ಲಿ ಸತ್ತ.

ಪಕ್ಕದ ತಾರೀಖು ಅಜ್ಜಿಯ ಅರ್ಜಿಗಿಂತ ಎಂಟು ತಿಂಗಳು ಹಿಂದಿನದು. ಹಾಳೆಗಳು ತುಂಬಿದ ಮೇಲೆಯೇ ಬೈಂಡಿಂಗಿಗೆ ಬರುತ್ತಿದ್ದದ್ದು. ಅಂದರೆ ಈ ಹಾಳೆಯನ್ನು ಅಜ್ಜ, ಅದರಲ್ಲೇನಿದೆ ಎಂದು ತಿಳಿಯದೆ, ತನ್ನ ಕೈಯಾರೆ ಹೊಲಿದ. ಆಮೇಲೆ ಅಜ್ಜಿಯ ಪ್ರಶ್ನೆಯನ್ನು ಅದರ ಹಿಂದೆ ಅಂಟಿಸಿದ. ಎರಡರ ನಡುವೆ ಒಂದು ಹೆಬ್ಬೆರಳಿನಷ್ಟು ದಪ್ಪ. ಅಜ್ಜಿ ಬಾಗಿಲಲ್ಲಿ ನಿಂತು ಕಾದದ್ದು ನಲವತ್ತು ವರ್ಷ. ಕೂಗಬೇಕು ಅನ್ನಿಸುತ್ತದೆ, ಯಾರ ಮೇಲೆ ಎಂದು ತಿಳಿಯುತ್ತಿಲ್ಲ.

"ಏನೇ, ಸಿಕ್ತಾ?"

ಅಂತ್ಯ ಒಂದು: ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳುತ್ತೇನೆ. ಅಮ್ಮ ಅಳುತ್ತಾಳೆ, ಮಾವ ಅಳುತ್ತಾನೆ, ನೀವು ಮನಸ್ಸು ಹಗುರ ಮಾಡಿಕೊಂಡು ಏಳುತ್ತೀರಿ. (ಹೊಡೆದೆ. ನಿಮ್ಮನ್ನು ಹಗುರ ಮಾಡಲು ಅವನು ಸತ್ತದ್ದಲ್ಲ.)

ಅಂತ್ಯ ಎರಡು: ಹುಡುಗ ದಡ ಮುಟ್ಟುತ್ತಾನೆ, ಅಲ್ಲೇ ಮದುವೆಯಾಗುತ್ತಾನೆ, ಮೊಮ್ಮಗಳೊಬ್ಬಳು ನಮ್ಮನ್ನು ಹುಡುಕಿಕೊಂಡು ಬರುತ್ತಾಳೆ. (ಹೊಡೆದೆ. ಇದಕ್ಕೆ ಪ್ರಶಸ್ತಿ ಖಂಡಿತ ಬರುತ್ತಿತ್ತು.)

ಮೂರನೆಯದನ್ನು ನಾನು ಬರೆಯಲಿಲ್ಲ. ಅದು ಆಗಿಹೋಯಿತು. ಬಾಯಿ ತೆರೆದೆ, ಮಾತು ತಾನಾಗಿ ಬಂತು.

"ಇನ್ನೂ ಇಲ್ಲಮ್ಮ."

ಹೊಸ ರಟ್ಟಿಗೆ ಅಂಟು ಕಲಸುತ್ತಿದ್ದ ಮಾವ ಕೈ ನಿಲ್ಲಿಸಿ ನನ್ನನ್ನು ನೋಡಿದ. ಅದು ನನ್ನ ಬಾಯಿಂದ ಬಂದದ್ದು ಎಂದು ನನಗೇ ನಂಬಲಾಗಲಿಲ್ಲ. ಹೇಡಿತನ ಎಂದು ಬರೆದ ಹಾಳೆ ಇಲ್ಲೇ ಮೊಣಕೈ ಕೆಳಗಿತ್ತು.

ಆ ಕಡೆ ಅಮ್ಮ ಕುರ್ಚಿ ಎಳೆದು ಕೂತದ್ದು ಕೇಳಿಸಿತು.

"ನಮ್ಮಪ್ಪನೂ ಹೀಗೇ ಕಣೇ," ಅಂದಳು ಆಮೇಲೆ. "ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಹೇಳ್ತಿದ್ದ. ನಮ್ಮಮ್ಮ ಆ ಸುಮ್ಮನಿದ್ದದ್ದನ್ನೇ ಕೇಳಿಸ್ಕೊಂಡು, ಸರಿ ಊಟಕ್ಕೆ ಬನ್ನಿ, ಅಂತಿದ್ಲು."

ಅವಳು ಫೋನ್ ಇಟ್ಟಿಲ್ಲ. ನಾನೂ ಇಟ್ಟಿಲ್ಲ. ನನ್ನ ಎಡಗೈ ಬೆರಳು ಇನ್ನೂ ಆ ಷರಾದ ಮೇಲಿದೆ, ಬಲಗೈ ಇದನ್ನು ಬರೆಯುತ್ತಿದೆ. ಐದಕ್ಕೆ ಹತ್ತು ನಿಮಿಷವಿದೆ. ರಟ್ಟನ್ನು ಏನು ಮಾಡಲಿ ಎಂದು ಮಾವ ಸನ್ನೆಯಲ್ಲಿ ಕೇಳುತ್ತಿದ್ದಾನೆ. ಅಮ್ಮ ಉಸಿರಾಡುವುದು ನನಗೆ ಕೇಳಿಸುತ್ತಿದೆ.