ನೂರಕ್ಕೆ ನೂರು

ಹಿಂದಿನ ವರ್ಷ ನಮ್ಮ ಹೈಸ್ಕೂಲಿಗೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬಂದದ್ದೇ ನನಗೆ ಶನಿಯಾಯಿತು. ಹೆಡ್‌ಮಾಸ್ತರು ರಾಧಾಕೃಷ್ಣರಿಗೆ ಕಮಿಟಿಯವರು ಹಾರ ಹಾಕಿದ್ದರು. ಒಮ್ಮೆ ಹಾರದ ರುಚಿ ಕಂಡ ಕುತ್ತಿಗೆ ಮರುವರ್ಷವೂ ಅದನ್ನೇ ಕೇಳುತ್ತದೆ. ಹಾಗಾಗಿ ೧೯೬೩ರ ಜನವರಿಯಲ್ಲಿ ಅವರು ಶಾಲೆಯಲ್ಲೇ ಒಂದು ಆಯ್ಕೆ ಪರೀಕ್ಷೆ ಇಟ್ಟರು. ಅದರಲ್ಲಿ ಬಿದ್ದವರು ಆ ವರ್ಷ ದೊಡ್ಡ ಪರೀಕ್ಷೆಗೆ ಕೂರುವ ಹಾಗಿಲ್ಲ. ನಾನು ಲೆಕ್ಕದಲ್ಲಿ ಬಿದ್ದೆ.

ಶಾಲೆಗೆ ಬರಬೇಕೆಂದು ಅಪ್ಪನಿಗೆ ಚೀಟಿ ಹೋಯಿತು. ಕಲ್ಲುಗುಂಡಿಯ ಜತ್ತಪ್ಪ ಗೌಡರೆಂದರೆ ಕಾಡುಹಂದಿಗೂ ಹೆದರದ ಮನುಷ್ಯ. ಮಾಸ್ತರರ ಎದುರು ಮಾತ್ರ ಬೆಕ್ಕಿನ ಮುಂದಿನ ಇಲಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನೆಂಬ ಅಳುಕು ಅವರಿಗೆ. ಹೆಡ್‌ಮಾಸ್ತರು ಕುರ್ಚಿ ತೋರಿಸಿದರೂ ಕೂರಲಿಲ್ಲವಂತೆ. ಮಾಸ್ತರು ಎಲೆಯಡಿಕೆಯ ತಟ್ಟೆ ಮುಂದಿಟ್ಟು, "ಗೌಡರೇ, ಮಗಳು ಈ ವರ್ಷ ಮನೆಯಲ್ಲಿರಲಿ, ಮುಂದಿನ ವರ್ಷ ಬರೆಯಲಿ. ಆಗಬಹುದಲ್ಲ?" ಎಂದು ಕೇಳಿದರೆ, ಏನು ಹೇಳುವುದೆಂದು ತಿಳಿಯದೆ ಅಪ್ಪ ತಟ್ಟೆಯಿಂದ ವೀಳ್ಯ ಎತ್ತಿಕೊಂಡುಬಿಟ್ಟರು.

ನಮ್ಮಲ್ಲಿ ಮಾತಿನ ನಡುವೆ ವೀಳ್ಯ ತೆಗೆದುಕೊಂಡರೆ ಮುಗಿಯಿತು, ಒಪ್ಪಿದ ಹಾಗೆ. ಮದುವೆ ಗಟ್ಟಿಯಾಗುವುದೂ ಹಾಗೆಯೇ, ಬೇಲಿಯ ಜಗಳ ಮುಗಿಯುವುದೂ ಹಾಗೆಯೇ. ಹೆಡ್‌ಮಾಸ್ತರು ಘಟ್ಟದ ಮೇಲಿನವರು. ಅವರಿಗೆ ಅದು ಬಂದವರಿಗೆ ಕೊಡುವ ಎಲೆಯಡಿಕೆ ಅಷ್ಟೆ. ಅಪ್ಪನಿಗೆ ಅದು ಕೊಟ್ಟ ಮಾತು.

"ಒಪ್ಪಿ ಬಂದೆ," ಎಂದರು ಮನೆಗೆ ಬಂದು.

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಎಂತದು ಒಪ್ಪಿದ್ದು? ಇವಳಿಗೆ ಬರುವ ವರ್ಷ ಅಂತ ಒಂದು ಉಂಟಾ? ಸಂಪಾಜೆಯ ಗಂಡಿನವರು ಪರೀಕ್ಷೆ ಮುಗಿಯುದನ್ನೇ ಕಾಯ್ತಾ ಇದ್ದಾರೆ. ಮನೆಯಲ್ಲಿ ಕೂತ ಹುಡುಗಿಯನ್ನು ನಿಮ್ಮ ಅಣ್ಣ ಮದುವೆ ಮಾಡದೆ ಬಿಡ್ತಾರಾ?"

ದೊಡ್ಡಪ್ಪ ಬಿಡುವವರಲ್ಲ ಎಂದು ಮೂವರಿಗೂ ಗೊತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ವೀಳ್ಯ ತೆಕ್ಕೊಂಡದ್ದು ನೀವು. ನಾನಲ್ಲ," ಎಂದೆ.

ಅಪ್ಪನಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಹೊಡೆತ ಬೀಳುತ್ತದೆಂದೇ ನಿಂತಿದ್ದೆ. ಬೀಳಲಿಲ್ಲ.

"ಬರೆದ್ರೆ ಪಾಸಾಗ್ತೀಯಾ?"

"ಗೊತ್ತಿಲ್ಲ."

"ಹೌದು ಅಂತ ಹೇಳುದಲ್ವಾ ಮಾರಾಯ್ತಿ!" ಅವ್ವ ಹಣೆ ಚಚ್ಚಿಕೊಂಡಳು.

"ಗೊತ್ತಿಲ್ಲ ಅಪ್ಪ. ಆದ್ರೆ ನಾನು ಬರೀಬೇಕು."

ಮರುದಿನ ಅಪ್ಪ ಒಗೆದ ಅಂಗಿ ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ಹೆಡ್‌ಮಾಸ್ತರರ ಕೋಣೆಗೆ ಹೋದವರೇ, ಯಾರೂ ಹೇಳದೆ ಕುರ್ಚಿ ಎಳೆದು ಕೂತರು.

"ಮಾಷ್ಟ್ರೇ, ನಿನ್ನೆ ನಿಮ್ಮ ವೀಳ್ಯ ತೆಕ್ಕೊಂಡು ಒಪ್ಪಿದ್ದೆ. ಇವತ್ತು ಮಾತಿಗೆ ತಪ್ತಾ ಇದ್ದೇನೆ. ನಮ್ಮ ಮನೆತನದಲ್ಲಿ ಹೀಗೆ ಮಾಡಿದವರು ಯಾರೂ ಇಲ್ಲ."

ಹೆಡ್‌ಮಾಸ್ತರರಿಗೆ ವೀಳ್ಯದ ವಿಷಯ ತಲೆಬುಡ ಅರ್ಥವಾಗಲಿಲ್ಲ. ಉಳಿದದ್ದು ಅರ್ಥವಾಯಿತು. "ಇವಳು ಫೇಲಾದರೆ ಶಾಲೆಯ ಹೆಸರು ಏನಾಗಬೇಕು ಗೌಡರೇ? ಕಮಿಟಿಯವರಿಗೆ ನಾನು ಏನು ಹೇಳಲಿ?" ಅವರ ದನಿ ನಡುಗುತ್ತಿತ್ತು. ಇವರಿಗೂ ಹೆದರಿಕೆಯೇ ಎಂದು ನನಗೆ ಆಗ ಹೊಳೆಯಿತು. ಕನಿಕರವೇನೂ ಬರಲಿಲ್ಲ.

"ಜತ್ತಪ್ಪ ಮಾತಿಗೆ ತಪ್ಪಿದ ಅಂತ ಹೇಳಿ. ಶಾಲೆಯ ಹೆಸರು ಹೋಗುದಾದ್ರೆ ನನ್ನ ಹೆಸರೂ ಒಟ್ಟಿಗೆ ಹೋಗಲಿ. ಹುಡುಗಿ ಬರೀಲಿ. ನೀವು ಫಾರಂಗೆ ರುಜು ಹಾಕದೆ ನಾನು ಇಲ್ಲಿಂದ ಏಳುದಿಲ್ಲ."

ಎರಡು ಪೀರಿಯಡ್ ಕೂತರು. ಮೂರನೇ ಗಂಟೆ ಹೊಡೆಯುವಾಗ ಹೆಡ್‌ಮಾಸ್ತರು ನನ್ನ ಫಾರಂ ಎಳೆದು ರುಜು ಹಾಕಿದರು.

ಪರೀಕ್ಷೆ ಬರೆದೆ. ಜೂನಿನಲ್ಲಿ ಪುತ್ತೂರಿನ ಬಸ್ಸಿನಲ್ಲಿ ಫಲಿತಾಂಶದ ಪೇಪರು ಬಂತು. ಅಂಗಡಿಯ ಜಗಲಿಯಲ್ಲಿ ಅಪ್ಪ ನಂಬರುಗಳ ಸಾಲಿನ ಮೇಲೆ ಬೆರಳಿಟ್ಟು ಹುಡುಕಿದರು, ಎರಡು ಸಲ. ನನ್ನ ನಂಬರು ಇರಲಿಲ್ಲ.

ನಾವು ಮನೆ ಸೇರುವಷ್ಟರಲ್ಲಿ ದೊಡ್ಡಪ್ಪ ಬಂದು ಕೂತಿದ್ದರು. "ಆಯ್ತಲ್ಲ ಜತ್ತಪ್ಪ, ಮರ್ಯಾದೆಯೂ ಹೋಯ್ತು, ಪರೀಕ್ಷೆಯೂ ಹೋಯ್ತು. ಇನ್ನು ಸಂಪಾಜೆಯವರಿಗೆ ಹೇಳಿ ಕಳಿಸುವಾ."

ನಾನು ಕಂಬ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ಒಂದು ಚೆಂಬು ನೀರು ಕುಡಿದು, ಕೊಡೆ ತೆಗೆದುಕೊಂಡು ಮತ್ತೆ ಅಂಗಳಕ್ಕಿಳಿದರು.

"ಎಲ್ಲಿಗೆ ಹೊರಟದ್ದು?" ದೊಡ್ಡಪ್ಪ ಕೇಳಿದರು.

"ಶಾಲೆಗೆ. ಫೇಲಾದವರ ಅಕ್ಟೋಬರದ ಪರೀಕ್ಷೆಗೆ ಫಾರಂ ತರ್ಲಿಕ್ಕೆ ಉಂಟು." ಆಮೇಲೆ ನನ್ನ ಕಡೆ ತಿರುಗಿದರು. "ಅಳುದು ಆದ ಮೇಲೆ ಲೆಕ್ಕದ ಪುಸ್ತಕ ತೆಗಿ."